ಆ ತಪ್ಪುಗಳು ಸುಮ್ನೆ ಇರೋದಲ್ಲ

ಎಲ್ರಿಗೂ ನಮಸ್ಕಾರ. ಇವತ್ತು ತಲೆಬುಡ ಇಲ್ಲದ ಮೋಸದ ಇಮೇಲ್‌ಗಳ ಬಗ್ಗೆ ಮಾತಾಡ್ತೇನೆ, ಎಂತಕೆ ಅಂದ್ರೆ ಅದನ್ನ ನೋಡಿ ನಕ್ಕು ಡಿಲೀಟ್ ಮಾಡಿದ್ರೆ ಮುಗೀತು ಅಂತ ತುಂಬ ಜನ ಅಂದ್ಕೊಂಡಿದ್ದಾರೆ, ನನಗೆ ಹಾಗೆ ಅನ್ನಿಸೋದಿಲ್ಲ.

ನಿಮಗೂ ಬಂದಿರ್ತದೆ. ಆಫ್ರಿಕಾದ ಯಾವುದೋ ದೇಶದಲ್ಲಿ ತೀರಿಹೋದ ಮಂತ್ರಿಯ ಹೆಂಡತಿ, ಅವಳಿಗೆ ಕ್ಯಾನ್ಸರು, ಬ್ಯಾಂಕಲ್ಲಿ ಕೋಟಿಗಟ್ಟಲೆ ಡಾಲರು ಉಂಟು, ನೀವು ಪ್ರಾಮಾಣಿಕರು ಅಂತ ಗೊತ್ತಾಗಿ ಅದರಲ್ಲಿ ಅರ್ಧ ನಿಮಗೇ ಕೊಡ್ತಾಳೆ. ಅಷ್ಟೆಲ್ಲ ಗೊತ್ತಿದ್ದವಳಿಗೆ ನಿಮ್ಮ ಹೆಸರು ಗೊತ್ತಿಲ್ಲ, 'ಡಿಯರ್ ಫ್ರೆಂಡ್' ಅಂತ ಶುರು ಮಾಡ್ತಾಳೆ. ಮೇಲೆ ಒಂದು ಹೆಸರು, ಕೆಳಗೆ ಸಹಿಯಲ್ಲಿ ಇನ್ನೊಂದು, ಉತ್ತರ ಹೋಗೋದು ಮೂರನೇ ಅಡ್ರೆಸ್ಸಿಗೆ. ಉತ್ತರ ಕೊಟ್ರೆ ವಕೀಲರ ಫೀಸು, ಟ್ಯಾಕ್ಸು, ಸರ್ಟಿಫಿಕೇಟ್ ಚಾರ್ಜು ಅಂತ ಒಂದೊಂದೇ ಕೇಳ್ತಾ ಹೋಗ್ತಾರೆ. ನೈಜೀರಿಯಾದ ಕ್ರಿಮಿನಲ್ ಕೋಡಲ್ಲಿ ವಂಚನೆಯ ಸೆಕ್ಷನ್ 419, ಹಾಗಾಗಿ ಇದಕ್ಕೆ 'ಫೋರ್ ಒನ್ ನೈನ್' ಅಂತಲೇ ಹೆಸರು ಬಿತ್ತು. ಆದ್ರೆ ಉಪಾಯ ಅದಕ್ಕಿಂತ ಹಳೇದು, 19ನೇ ಶತಮಾನದಲ್ಲೇ ಸ್ಪೇನಿನ ಜೈಲಲ್ಲಿ ಒಬ್ಬ ಶ್ರೀಮಂತ ಇದ್ದಾನೆ, ಬಿಡಿಸ್ಲಿಕ್ಕೆ ಸ್ವಲ್ಪ ದುಡ್ಡು ಕಳಿಸಿ, ನಿಧಿಯಲ್ಲಿ ಪಾಲು ಕೊಡ್ತೇವೆ ಅಂತ ಅಂಚೆಯಲ್ಲಿ ಕಾಗದ ಬರ್ತಿತ್ತು.

ಇಷ್ಟು ತಪ್ಪು ಯಾಕೆ ಬಿಡ್ತಾರೆ? ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರಲ್ಲಿ ಇದನ್ನೇ ಕೇಳಿದ್ರು. ಅವರ ಉತ್ತರ ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸ್ತದೆ. ಮೇಲ್ ಕಳಿಸ್ಲಿಕ್ಕೆ ಖರ್ಚಿಲ್ಲ, ಆದ್ರೆ ಉತ್ತರ ಕೊಟ್ಟ ಒಬ್ಬೊಬ್ಬರ ಹಿಂದೆ ವಾರಗಟ್ಟಲೆ ಕೂರ್ಬೇಕು, ಅರ್ಧದಲ್ಲಿ ಅನುಮಾನ ಬಂದು ಬಿಟ್ಟುಹೋಗೋರು ಅವರಿಗೆ ನಷ್ಟ. ಅದಕ್ಕೆ ಕತೆಯನ್ನೇ ನಂಬ್ಲಿಕ್ಕಾಗದ ಹಾಗೆ ಇಡೋದು. ತಡ್ಪೆಯಲ್ಲಿ ಅಕ್ಕಿ ಗಾಳಿಸಿದ ಹಾಗೆ, ನಗುವವರೆಲ್ಲ ಹಾರಿಹೋಗ್ತಾರೆ, ಉಳಿಯೋದು ಒಂಟಿಯಾಗಿರೋ ಹಿರಿಯರು, ಸಾಲದಲ್ಲಿ ಇರೋರು, ಕಷ್ಟಕ್ಕೆ ದಾರಿ ಹುಡುಕ್ತಾ ಇರೋರು.

ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಬ್ಯಾಂಕುಗಳ ತವರಲ್ವಾ, ಹಾಗಾಗಿ ಇಲ್ಲಿ ಇನ್ನೊಂದು ಉಂಟು. 'ನಿಮ್ಮ ಸಿಂಡಿಕೇಟ್ ಬ್ಯಾಂಕ್ ಅಕೌಂಟ್ ಇವತ್ತು ರಾತ್ರಿ ಬ್ಲಾಕ್, ಕೆವೈಸಿ ಮಾಡಿ' ಅಂತ ಮೇಲ್ ಬಂದ್ರೆ ಅದರ ದೊಡ್ಡ ತಪ್ಪು ಆ ಹೆಸರೇ. ವಿಜಯಾ ಬ್ಯಾಂಕ್ 2019ರ ಏಪ್ರಿಲಲ್ಲಿ ಬರೋಡಾ ಬ್ಯಾಂಕಿಗೆ ಸೇರಿತು, 2020ರ ಏಪ್ರಿಲಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಆದ್ರೆ ಉಡುಪಿಯ ಅಜ್ಜನಿಗೆ ಅದು ಇವತ್ತಿಗೂ 'ನಮ್ಮ ಸಿಂಡಿಕೇಟ್ ಬ್ಯಾಂಕೇ', ಅವರ ಕಣ್ಣಿಗೆ ಅಲ್ಲಿ ತಪ್ಪೇ ಕಾಣೋದಿಲ್ಲ. ಅಂಥವರಿಗೆ ಒಂದು ಹೇಳಿ: ಬ್ಯಾಂಕುಗಳ ವೆಬ್‌ಸೈಟ್ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗೀಬೇಕು, 2025ರ ಅಕ್ಟೋಬರ್ 31ರ ಒಳಗೆ ಎಲ್ಲ ಬ್ಯಾಂಕೂ ಅದಕ್ಕೆ ಬರ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು.

ನನಗೆ ಎಲ್ಲಕ್ಕಿಂತ ಸಂಕಟ ಆಗೋದು ಗಲ್ಫ್ ಕೆಲಸದ ಮೇಲ್ ನೋಡಿದಾಗ. ಸುರತ್ಕಲ್ ಕಡೆಯ ಒಬ್ಬ ಹುಡುಗ ಮೊಬೈಲ್ ತಂದು, ಅಣ್ಣಾ ಇದು ಸರಿ ಉಂಟಾ ನೋಡಿ ಅಂದ. ಕತಾರಿನ ದೊಡ್ಡ ಹೋಟೆಲಲ್ಲಿ ಕೆಲಸ, ಅವನು ಅರ್ಜಿಯೇ ಹಾಕಿರ್ಲಿಲ್ಲ, ಇಂಟರ್‌ವ್ಯೂ ಇಲ್ಲ, ಸಂಬಳ ರಿಯಾಲಲ್ಲಿ ಅಲ್ಲ ಪೌಂಡಲ್ಲಿ, ಹೋಟೆಲಿನ ಹೆಸರು ಹೇಳಿ ಮೇಲ್ ಬಂದದ್ದು ಜಿಮೇಲ್‌ನಿಂದ, ವೀಸಾ ಫೀಸು ಕಟ್ಟಬೇಕಾದ್ದು ಯಾರದ್ದೋ ಉಳಿತಾಯ ಖಾತೆಗೆ, ಅದೂ ನಾಳೆ ಸಂಜೆಯ ಒಳಗೆ. ಮನೆಯಲ್ಲಿ ಅಮ್ಮ ಬಂಗಾರ ಅಡವಿಡ್ಲಿಕ್ಕೆ ಸೊಸೈಟಿಗೆ ಹೊರಟು ನಿಂತಿದ್ರು. ಹುಡುಗ ದಡ್ಡ ಅಲ್ಲ, ಕೆಲಸ ಬೇಕಿತ್ತು ಅಷ್ಟೇ. ವಿದೇಶಕ್ಕೆ ಜನ ಕಳಿಸೋ ಏಜೆಂಟರಿಗೆ ವಿದೇಶಾಂಗ ಇಲಾಖೆಯ ಲೈಸೆನ್ಸ್ ಇರ್ಬೇಕು, ಅದು ನಿಜವಾ ಅಂತ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು. ಅವರು ತಗೊಳ್ಳೋ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಈಗ ಎಐ ಬಂದ ಮೇಲೆ ಕಾಗುಣಿತದ ತಪ್ಪೂ ಸಿಗ್ಲಿಕ್ಕಿಲ್ಲ, ಒಳ್ಳೆ ಕನ್ನಡದಲ್ಲೇ ಬರ್ತದೆ. ಹಾಗಾಗಿ ಭಾಷೆ ಬಿಡಿ, ಎಂತ ಕೇಳ್ತಾ ಇದ್ದಾರೆ ಅಂತ ನೋಡಿ. ದುಡ್ಡು ಕೊಡ್ತೇವೆ ಅನ್ನೋರೇ ಮೊದಲು ದುಡ್ಡು ಕೇಳ್ತಾರಾ, ಗಡಿಬಿಡಿ ಮಾಡ್ತಾರಾ, ಯಾರಿಗೂ ಹೇಳ್ಬೇಡಿ ಅಂತಾರಾ. ಕಳಿಸಿದವರ ಹೆಸರಿನ ಮೇಲೆ ಒತ್ತಿ ಅದರ ಹಿಂದಿರೋ ಪೂರ್ತಿ ಅಡ್ರೆಸ್ ಓದಿ, ಹೆಸರು ಯಾರು ಬೇಕಾದ್ರೂ ಹಾಕ್ಬಹುದು.

ದುಡ್ಡು ಹೋಗಿಯೇ ಬಿಟ್ಟಿದ್ರೆ ನಾಚಿಕೆ ಪಟ್ಕೊಂಡು ಕೂರ್ಬೇಡಿ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೀಲಿಕ್ಕೆ ಸಾಧ್ಯ ಉಂಟು. ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿರ್ಲಿ. ಮತ್ತೆ ಆ ಮೇಲನ್ನ ಸಿಟ್ಟಲ್ಲಿ ಅಳಿಸಿಬಿಡ್ಬೇಡಿ, ಅದು ಎಲ್ಲಿಂದ ಹೊರಟು ಹೇಗೆ ಬಂತು ಅನ್ನೋ ದಾಖಲೆ ಅದರೊಳಗೇ ಇರ್ತದೆ, ಪೊಲೀಸರಿಗೆ ಅದು ಬೇಕು. ನಮಸ್ಕಾರ.