ಕಷಾಯ ಕುಡಿಯೋದನ್ನೂ ಡಾಕ್ಟರಿಗೆ ಹೇಳಿ

(ಗದಗದಲ್ಲಿ ಹಿರಿಯ ನಾಗರಿಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಆಯುರ್ವೇದ ಮೇಲೋ, ಇಂಗ್ಲಿಷ್ ಔಷಧ ಮೇಲೋ, ಅದರ ಬಗ್ಗೆ ಮಾತಾಡಿ ಅಂತ ಕೆಲವರು ಕೇಳಿದರು. ಆ ಜಗಳಕ್ಕೆ ನಾನು ಬರುವುದಿಲ್ಲ. ಇಲ್ಲಿ ಕೂತವರಲ್ಲಿ ಬಹಳ ಮಂದಿ ಎರಡನ್ನೂ ತೆಗೆದುಕೊಳ್ಳುವವರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಮೃತಬಳ್ಳಿ ಕಷಾಯ. ಆಮೇಲೆ ಶುಗರ್ ಗುಳಿಗೆ, ಬಿಪಿ ಗುಳಿಗೆ. ರಾತ್ರಿ ಮಲಗುವ ಮುಂದೆ ಒಂದು ಚಮಚ ಚೂರ್ಣ. ಇವೆಲ್ಲ ಒಂದೇ ಹೊಟ್ಟೆಗೆ ಹೋಗುತ್ತವೆ, ಒಂದೇ ರಕ್ತಕ್ಕೆ ಸೇರುತ್ತವೆ. ಅಲ್ಲಿ ಏನು ನಡೆಯುತ್ತದೆ ಅನ್ನೋದೇ ಇವತ್ತಿನ ಮಾತು.

ಗಿಡಮೂಲಿಕೆಯನ್ನು ಹಳಿಯಲು ನಾನು ಬಂದಿಲ್ಲ. ಕಪ್ಪತಗುಡ್ಡ ನಮ್ಮ ಮಗ್ಗುಲಲ್ಲೇ ಇದೆ. ಅಲ್ಲಿ ಗಣಿಗಾರಿಕೆ ಬೇಡ ಅಂತ ಬೀದಿಗಿಳಿದ ಜಿಲ್ಲೆ ನಮ್ಮದು. 2019ರಲ್ಲಿ ಅದು ವನ್ಯಜೀವಿಧಾಮ ಆಯಿತು. ಆ ಗುಡ್ಡದ ಗಿಡ, ಬೇರು, ತೊಪ್ಪಲು ತಂದು ಔಷಧ ಮಾಡುವ ಮನೆತನಗಳು ಇಲ್ಲಿವೆ. ಅವರ ತಿಳಿವಳಿಕೆ ದೊಡ್ಡದು.

ಸರ್ಪಗಂಧವನ್ನೇ ನೋಡಿ. ಅದರ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಜಗತ್ತು ತಿರುಗಿ ನೋಡಿತು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಅನ್ನುವ ಬಿಪಿ ಔಷಧ ಬೇರ್ಪಡಿಸಿದರು. ಶುಗರ್‌ಗೆ ನೀವು ನುಂಗುವ ಮೆಟ್‌ಫಾರ್ಮಿನ್ ಇದೆಯಲ್ಲ, ಅದು ಯುರೋಪಿನ ಒಂದು ಗಿಡದ ಜಾಡು ಹಿಡಿದು ಬಂದದ್ದು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಅನ್ನು ಇವತ್ತಿಗೂ ಡಿಜಿಟಾಲಿಸ್ ಗಿಡದ ಎಲೆಯಿಂದಲೇ ತೆಗೆಯುತ್ತಾರೆ.

ಗಿಡಕ್ಕೆ ಇಷ್ಟು ಶಕ್ತಿ ಇದೆ ಅಂದಮೇಲೆ ಅದು ಬೇರೆ ಗುಳಿಗೆಯ ಕೆಲಸವನ್ನೂ ಏರುಪೇರು ಮಾಡಬಲ್ಲದು, ಅಲ್ವಾ? ಆದರೆ 'ಏನೇನು ಔಷಧ ತಗೊಳ್ತೀರಿ?' ಅಂತ ನಾವು ಡಾಕ್ಟರುಗಳು ಕೇಳಿದರೆ ಕಷಾಯ ಲೆಕ್ಕಕ್ಕೇ ಬರುವುದಿಲ್ಲ. 'ಅದೇನ್ ಔಷಧೇನ್ರೀ, ಮನಿ ಮದ್ದು!' ಅಂತಾರೆ. ಈ ಮಾತನ್ನು ನಾನು ದಿನಾ ಕೇಳ್ತೇನೆ.

ಒಬ್ಬ ಮಾಸ್ತರರ ಕತೆ ಹೇಳ್ತೇನೆ. ಮುಂಡರಗಿ ಕಡೆಯವರು, ಹೆಸರು ಬೇಡ. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಶಿಸ್ತಿನ ಮನುಷ್ಯ. ಶುಗರ್‌ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್, ಒಂದು ದಿನವೂ ತಪ್ಪಿಸಿದವರಲ್ಲ. ಆ ವರ್ಷ ಪರಿಚಯದವರು ಯಾರೋ ಶುಗರ್ ಇಳಿಸುವ ಮಧುನಾಶಿನಿ ಗಿಡದ ಪುಡಿ ತಂದುಕೊಟ್ಟರು. ಅದರ ಜತೆ ದಿನಾ ಒಂದು ಲೋಟ ಹಾಗಲಕಾಯಿ ರಸ, ರಾತ್ರಿ ನೆನೆಸಿಟ್ಟ ಮೆಂತ್ಯ. ಶುಗರ್ ಇಳಿಯಿತು. ಮಾಸ್ತರರಿಗೆ ಬಹಳ ಖುಷಿ. ಒಂದು ನೋಟ್‌ಬುಕ್ಕಿನಲ್ಲಿ ಶುಗರ್ ಬರೆದಿಡುತ್ತಿದ್ದರು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಉತ್ತಮ' ಅಂತ ತಾವೇ ಷರಾ ಹಾಕಿಕೊಳ್ಳುತ್ತಿದ್ದರು. ಆ ನೋಟ್‌ಬುಕ್ ನಾನು ನೋಡಿದ್ದೇನೆ, ಅಕ್ಷರ ಮುತ್ತಿನಂಥದ್ದು.

ಶ್ರಾವಣ ಬಂತು. ಸೋಮವಾರ ಉಪವಾಸ. ಬೆಳಿಗ್ಗೆ ರಸ ಕುಡಿದರು, ಪುಡಿ ತಿಂದರು, ಗುಳಿಗೆ ನುಂಗಿದರು. ಊಟ ಮಾತ್ರ ಇಲ್ಲ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು. ಕಟ್ಟೆಯ ಮೇಲೆ ಕೂತು ಏನೇನೋ ಮಾತು. ಸೊಸೆಯನ್ನು ಯಾವುದೋ ಹಳೇ ವಿದ್ಯಾರ್ಥಿನಿಯ ಹೆಸರಿನಿಂದ ಕರೆದು 'ಹದಿನೇಳರ ಮಗ್ಗಿ ಹೇಳು' ಅಂದರಂತೆ. ಮೊದಲು ಮೊಮ್ಮಕ್ಕಳು ನಕ್ಕರು, ಆಮೇಲೆ ಎಲ್ಲರಿಗೂ ಗಾಬರಿ. ನೆರೆಯವರೊಬ್ಬರು ಲಕ್ವಾ ಹೊಡೆದಿದೆ ಅಂದರು. ಇನ್ನೊಬ್ಬರು ಗಾಳಿ ಸೋಂಕಿದೆ ಅಂತ ಲಿಂಬೆಹಣ್ಣು ಹಿಡಿದು ನಿಂತರು. ಸೊಸೆ ಜಾಣೆ. ಅವಳ ತಾಯಿಗೂ ಶುಗರ್ ಇತ್ತು. ಮೀಟರ್ ತಂದು ಬೆರಳು ಚುಚ್ಚಿ ನೋಡಿದಳು. 38. ಶುಗರ್ 70ಕ್ಕಿಂತ ಕೆಳಗೆ ಬಂದರೇ ಎಚ್ಚರಿಕೆ, ಇದು 38! ನುಂಗುವಷ್ಟು ಎಚ್ಚರ ಇನ್ನೂ ಇತ್ತು. ನೀರಿಗೆ ಸಕ್ಕರೆ ಕಲಸಿ ತಂದಳು. ಮಾಸ್ತರರು ಬಾಯಿ ಬಿಗಿಹಿಡಿದು 'ಇವತ್ತ ಸೋಮವಾರ' ಅಂದರಂತೆ. ಆ ಸ್ಥಿತಿಯಲ್ಲೂ ವ್ರತ ನೆನಪಿತ್ತು ನೋಡಿ! ಹೇಗೋ ಕುಡಿಸಿದಳು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಉಸಿರುಗೊಳವೆಗೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಆಸ್ಪತ್ರೆಗೆ ಬರುವಷ್ಟರಲ್ಲಿ ಸ್ವಲ್ಪ ಸುಧಾರಿಸಿದ್ದರು. 'ಆರಾಮ ಆಗೇದ, ಮನಿಗೆ ಬಿಡ್ರಿ' ಅಂತ ಹಟ. ಬಿಡಲಿಲ್ಲ. ಗ್ಲಿಮೆಪಿರೈಡ್ ಗುಳಿಗೆಯ ಪ್ರಭಾವ ಇಡೀ ದಿನ ಇರುತ್ತದೆ. ಸಕ್ಕರೆ ಕೊಟ್ಟಾಗ ಏರಿದ ಶುಗರ್ ಮತ್ತೆ ಕೆಳಗೆ ಬೀಳಬಹುದು. ನಡುರಾತ್ರಿ ಬಿದ್ದೇ ಬಿತ್ತು. ಮನೆಯಲ್ಲಿ ಮಲಗಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬೇರೆ ಏನಾದರೂ ತಗೊಳ್ತೀರಾ ಅಂತ ಕೇಳಿದೆ. 'ಏನೂ ಇಲ್ಲ' ಅಂದರು. ಸೊಸೆ ಸುಮ್ನೆ ನಿಂತಿದ್ದಳು. ಅವರಿಗೆ ನಿದ್ದೆ ಹತ್ತಿದ ಮೇಲೆ ಚೀಲದಿಂದ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. 'ಹೇಳಬ್ಯಾಡ ಅಂದಾರ್ರೀ ಮಾವಾರು. ಡಾಕ್ಟ್ರು ಬೈತಾರಂತ.'

ಇದೇ ನೋಡಿ. ಮಧುನಾಶಿನಿಯ ತಪ್ಪೂ ಇಲ್ಲ, ಗ್ಲಿಮೆಪಿರೈಡಿನ ತಪ್ಪೂ ಇಲ್ಲ. ಶುಗರ್ ಇಳಿಸುವುದೇ ಎರಡರ ಕೆಲಸ, ಎರಡೂ ತಮ್ಮ ಕೆಲಸ ಮಾಡಿದವು. ಮೊದಲೇ ಹೇಳಿದ್ದರೆ ಗುಳಿಗೆಯ ಡೋಸ್ ಕಡಿಮೆ ಮಾಡಬಹುದಿತ್ತು, ಉಪವಾಸದ ದಿನಕ್ಕೆ ಬೇರೆ ವ್ಯವಸ್ಥೆ ಮಾಡಬಹುದಿತ್ತು. ಹೇಳಲಿಲ್ಲ. ಯಾಕಂದರೆ ಬೈತಾರೆ.

ಮುಂದಿನ ಸಾಲಿನಲ್ಲಿ ತರುಣ ಡಾಕ್ಟರುಗಳು ಕೂತಿದ್ದೀರಿ. ನಿಮಗೆ ಕೈಮುಗಿದು ಹೇಳ್ತೇನೆ, ಬೈಯಬೇಡಿ. 'ಗಿಡಮೂಲಿಕೆ ಏನಾದರೂ ತಗೊಳ್ತೀರಾ?' ಅಂತ ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. 'ಬೆಳಿಗ್ಗೆ ಎದ್ದು ಏನು ಕುಡಿಯುತ್ತೀರಿ?' ಅಂತ ಕೇಳಿ. 'ಮಂಡಿ ನೋವಿಗೆ ಏನು ಮಾಡ್ತೀರಿ? ಮಲಬದ್ಧತೆಗೆ ಏನು?' ಹೀಗೆ ಒಂದೊಂದೇ ಕೇಳಿದರೆ ಎಲ್ಲ ಹೊರಬರುತ್ತದೆ.

ಇನ್ನು, ಒಳಗೆ ಏನಾಗುತ್ತದೆ ಅನ್ನೋದು. ಮಾಸ್ತರರದು ಸರಳ ಲೆಕ್ಕ, ಒಂದೇ ಕೆಲಸ ಮಾಡುವ ಎರಡು ಔಷಧ ಕೂಡಿದವು. ಇನ್ನೊಂದು ಬಗೆ ಇದೆ. ನಾವು ನುಂಗಿದ ಹೆಚ್ಚಿನ ಗುಳಿಗೆಗಳನ್ನು ಲಿವರ್ ಒಡೆದು ಹೊರಗೆ ಕಳಿಸುತ್ತದೆ. ಬ್ಯಾಡಗಿ ಮಾರುಕಟ್ಟೆಯ ಗೇಟ್ ನೆನಪಿಸಿಕೊಳ್ಳಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಗೇಟ್ ಕಟ್ಟಿತು ಅಂದರೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಎರಡು ಗೇಟ್ ಜಾಸ್ತಿ ತೆರೆದರೆ ನೋಡುನೋಡುತ್ತ ಖಾಲಿ. ಕೆಲವು ಮೂಲಿಕೆಗಳು ಲಿವರಿನ ಗೇಟ್ ಕಟ್ಟುತ್ತವೆ, ಗುಳಿಗೆ ರಕ್ತದಲ್ಲೇ ಜಾಸ್ತಿ ಉಳಿಯುತ್ತದೆ. ಕೆಲವು ಹೆಚ್ಚು ತೆರೆಯುತ್ತವೆ, ಗುಳಿಗೆ ಕೆಲಸ ಮಾಡುವ ಮೊದಲೇ ಹೊರಗೆ.

ಕಾಳುಮೆಣಸು ಗೇಟ್ ಕಟ್ಟುವ ಜಾತಿ. ಅದರಲ್ಲಿರುವ ಪೈಪರಿನ್ ಅನ್ನುವ ಅಂಶ ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್, ದಮ್ಮಿಗೆ ಕೊಡುವ ಥಿಯೋಫಿಲಿನ್ ಇಂಥ ಔಷಧಗಳನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ನಮ್ಮ ಜಮ್ಮುವಿನ ವಿಜ್ಞಾನಿಗಳು ಪೈಪರಿನ್‌ನ ಗುಣವನ್ನೇ ಒಳ್ಳೆಯದಕ್ಕೆ ಬಳಸಿದರು. ಕ್ಷಯಕ್ಕೆ 450 ಮಿಲಿಗ್ರಾಂ ಕೊಡುತ್ತಿದ್ದ ರಿಫಾಂಪಿಸಿನ್ ಅನ್ನು 10 ಮಿಲಿಗ್ರಾಂ ಪೈಪರಿನ್ ಜತೆ 200ಕ್ಕೆ ಇಳಿಸಿದ ಗುಳಿಗೆ ನಮ್ಮ ದೇಶದಲ್ಲೇ ಬಂತು. ಹತ್ತು ಮಿಲಿಗ್ರಾಂ! ಇಷ್ಟು ಕೆಲಸ ಮಾಡುವುದನ್ನು 'ಬರೇ ಮನಿ ಮದ್ದು' ಅನ್ನಬಹುದೇ? ಸಾರಿಗೆ ಹಾಕುವ ನಾಲ್ಕು ಕಾಳಿಗೆ ಯಾರೂ ಹೆದರಬೇಕಿಲ್ಲ. ನನ್ನ ಚಿಂತೆ ಇರುವುದು ಅರಿಸಿನದ ಕ್ಯಾಪ್ಸೂಲಿನ ಬಗ್ಗೆ. ಅದರಲ್ಲಿ ಅರಿಸಿನ ಮೈಗೆ ಹತ್ತಲಿ ಅಂತ ಪೈಪರಿನ್ ಸೇರಿಸಿರುತ್ತಾರೆ. ಅರಿಸಿನದ ಜತೆ ನಿಮ್ಮ ಉಳಿದ ಗುಳಿಗೆಗಳೂ ಜಾಸ್ತಿ ಹತ್ತಬಹುದು.

ಇದಕ್ಕೆ ಉಲ್ಟಾ ಶಂಖಪುಷ್ಪಿ. ನೆನಪಿನ ಶಕ್ತಿಗೆ ಅಂತ ಪರೀಕ್ಷೆ ಹತ್ತಿರ ಬಂದಾಗ ಮನೆಮನೆಯಲ್ಲಿ ಕುಡಿಸುವ ಸಿರಪ್ಪು. ಫಿಟ್ಸ್‌ಗೆ ಫೆನಿಟೋಯಿನ್ ತೆಗೆದುಕೊಳ್ಳುತ್ತ ಆರಾಮಿದ್ದ ಇಬ್ಬರಿಗೆ ಶಂಖಪುಷ್ಪಿ ಶುರುಮಾಡಿದ ಮೇಲೆ ಮತ್ತೆ ಫಿಟ್ಸ್ ಬಂತು. ಮುಂಬೈಯ ವೈದ್ಯರು ಅದರ ಬೆನ್ನು ಹತ್ತಿ, ಇಲಿಗಳ ಮೇಲೆ ಪರೀಕ್ಷೆ ಮಾಡಿ, ಸಿರಪ್ಪು ರಕ್ತದಲ್ಲಿನ ಫೆನಿಟೋಯಿನ್ ಇಳಿಸುತ್ತದೆ ಅಂತ 1992ರಲ್ಲಿ ಪ್ರಕಟಿಸಿದರು. ಆ ಸಿರಪ್ಪಿನ ವಿಷಯ ರೋಗಿಗಳು ಬಾಯಿಬಿಟ್ಟು ಹೇಳಿದ್ದಕ್ಕೆ ತಾನೇ ಇದೆಲ್ಲ ಗೊತ್ತಾಗಿದ್ದು? ನಾನು ಮತ್ತೆ ಮತ್ತೆ ಅಲ್ಲಿಗೇ ಬರ್ತೇನೆ. ಹೇಳಿ.

ಎರಡು ತಾಸು ಬಿಟ್ಟು ತಗೊಂಡರೆ ಏನೂ ಆಗಲ್ಲ ಅಂತ ಒಂದು ನಂಬಿಕೆ ಇದೆ. ಇಸಬ್‌ಗೋಲ್ ವಿಷಯದಲ್ಲಿ ಆ ಮಾತು ಸರಿ. ಅದು ಹೊಟ್ಟೆಯಲ್ಲಿ ಉಬ್ಬಿ ಗುಳಿಗೆಯನ್ನು ಹಿಡಿದಿಡುತ್ತದೆ, ಅಂತರ ಬಿಟ್ಟರೆ ತೊಂದರೆ ತಪ್ಪುತ್ತದೆ. ಥೈರಾಯ್ಡ್ ಗುಳಿಗೆಯವರು ಇನ್ನೂ ಜಾಸ್ತಿ ಅಂತರ ಇಟ್ಟುಕೊಳ್ಳಿ. ಆದರೆ ಲಿವರಿನ ಗೇಟಿನ ಕೆಲಸ ದಿನಗಟ್ಟಲೆ ನಡೆಯುವಂಥದ್ದು. ಬೆಳಿಗ್ಗೆ ಕಷಾಯ, ಸಂಜೆ ಗುಳಿಗೆ ಅಂದರೂ ಅಲ್ಲಿ ಲೆಕ್ಕ ತಪ್ಪುತ್ತದೆ.

ರಕ್ತ ತೆಳು ಮಾಡುವ ಗುಳಿಗೆಯವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೃದಯದ ಕವಾಟ ಬದಲಿಸಿಕೊಂಡ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ ಇದ್ದಾರೆ. ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಕೆಟ್ಟವರು. ಅವರಿಗೆ ವಾರ್ಫರಿನ್ ಇಲ್ಲವೇ ಅಸಿನೊಕೌಮರಾಲ್ ಕೊಡುತ್ತಾರೆ. ಐಎನ್‌ಆರ್ ಅಂತ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನೋದನ್ನು ನೋಡುವ ರಕ್ತಪರೀಕ್ಷೆ ಮಾಡಿಸಿ ಡೋಸ್ ಹೊಂದಿಸುತ್ತಾರೆ. ಇದು ಬಹಳ ಸೂಕ್ಷ್ಮದ ಗುಳಿಗೆ. ಜಾಸ್ತಿಯಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಹಸಿರು ತೊಪ್ಪಲಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಂತ ರೊಟ್ಟಿ ಜತೆ ಹಕ್ಕರಕಿ, ಮೆಂತ್ಯ ತಿನ್ನಬೇಡಿ ಅಂದರೆ ನಮ್ಮವರು ಊಟವನ್ನೇ ಬಿಟ್ಟ ಹಾಗೆ. ತಿನ್ನಿ. ವಾರವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಒಂದು ತಿಂಗಳು ಏನೂ ಇಲ್ಲದೆ, ಇನ್ನೊಂದು ತಿಂಗಳು ದಿನಾ ಎರಡು ಚಮಚ ನುಗ್ಗೆಸೊಪ್ಪಿನ ಪುಡಿ ಅಂದರೆ ಕಷ್ಟ. ಬೆಳ್ಳುಳ್ಳಿ, ಶುಂಠಿ, ಅರಿಸಿನ ಅಡುಗೆಯಲ್ಲಿ ಇರಲಿ. ಅವುಗಳ ಕ್ಯಾಪ್ಸೂಲು ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಡಾಂಬರಿನಂಥ ಕಪ್ಪು ಮಲ ಕಂಡರೆ ಅವತ್ತೇ ಆಸ್ಪತ್ರೆಗೆ ಬನ್ನಿ.

ಹತ್ತೇ ನಿಮಿಷ ಉಳಿದಿದೆ ಅಂತ ಚೀಟಿ ಬಂತು. ಉಳಿದದ್ದನ್ನು ಬೇಗ ಬೇಗ ಹೇಳ್ತೇನೆ.

ಜ್ಯೇಷ್ಠಮಧು. ಕೆಮ್ಮಿಗೆ ಒಂದೆರಡು ದಿನ ಚೂರು ಬಾಯಲ್ಲಿಟ್ಟುಕೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ವಾರಗಟ್ಟಲೆ ಕಷಾಯ ಮಾಡಿ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೋಗಿಸುವ ಗುಳಿಗೆ, ಡಿಗಾಕ್ಸಿನ್ ತಗೊಳ್ಳುವವರಿಗೆ ಇದು ಹೃದಯಬಡಿತವನ್ನೇ ಕೆಡಿಸಬಹುದು.

ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ನಿದ್ದೆ ಗುಳಿಗೆಯ ಮಂಪರು ಹೆಚ್ಚಿಸಬಹುದು. ಬಸುರಿಯರಿಗೆ ಬೇಡ.

ಅಮೃತಬಳ್ಳಿ. ಕೊರೊನಾ ಕಾಲದಲ್ಲಿ ಅದನ್ನು ಕುಡಿದ ಕೆಲವರಿಗೆ ಲಿವರ್ ಹಾನಿಯಾಯಿತು ಅಂತ 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಉತ್ತರ ಕೊಟ್ಟಿತು. ಬೇಲಿಯಲ್ಲಿ ಕಂಡ ಬಳ್ಳಿಯನ್ನು ಗುರುತು ಬಲ್ಲವರಿಗೆ ತೋರಿಸದೆ ಕುದಿಸಬೇಡಿ. ಕಿಡ್ನಿ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆಯವರು ಇದರಿಂದ ದೂರವೇ ಇರಿ.

ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಎಲ್ಲ ಪುಡಿ, ಕಷಾಯದ ವಿಷಯ ಸರ್ಜನ್‌ಗೂ ಅರಿವಳಿಕೆ ಡಾಕ್ಟರಿಗೂ ತಿಳಿಸಿ.

'ಶುಗರ್ ಪೂರ್ತಿ ಗುಣ, ಗುಳಿಗೆ ಬಿಟ್ಟುಬಿಡಿ' ಅನ್ನುವ ಜಾಹೀರಾತು ಫೋನಿಗೆ ಬರುತ್ತದಲ್ಲ, ಅಂಥ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಬೇಡಿ.

ಕೊನೆಯದು ಮಂಡಿ ನೋವಿನ, ದಮ್ಮಿನ ಪುಡಿ. ಹೆಸರಿಲ್ಲ, ಚೀಟಿಯಿಲ್ಲ, ಕಾಗದದ ಪೊಟ್ಟಣ. ತಿಂದ ಎರಡೇ ದಿನಕ್ಕೆ ನೋವು ಮಾಯ, ಹಸಿವು ಜೋರು, ತಿಂಗಳಲ್ಲಿ ಮುಖ ದುಂಡಗೆ. ಇದು ಗಿಡದ ಗುಣ ಅಲ್ಲ. ಒಳಗೆ ಸ್ಟೀರಾಯ್ಡ್ ಬೆರೆಸಿರುವ ಸಂಶಯ ಬರಬೇಕು. ಶುಗರ್ ಏರುತ್ತದೆ, ಬಿಪಿ ಏರುತ್ತದೆ, ನಾವು ಗುಳಿಗೆ ಹೆಚ್ಚಿಸುತ್ತ ಹೋಗುತ್ತೇವೆ. ಈ ಮಾತು ಕೇಳಿ ಹೆದರಿ ನಾಳೆಯೇ ಪುಡಿ ನಿಲ್ಲಿಸಲೂ ಬೇಡಿ. ಬಹಳ ದಿನ ಸ್ಟೀರಾಯ್ಡ್ ತಿಂದ ದೇಹ ಒಮ್ಮೆಲೇ ಬಿಟ್ಟರೆ ಕುಸಿಯುತ್ತದೆ. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ, ಅವರು ಹಂತಹಂತವಾಗಿ ಬಿಡಿಸುತ್ತಾರೆ.

ಯಾವುದೇ ಔಷಧದಿಂದ ತೊಂದರೆಯಾದರೆ ತಿಳಿಸಲು ಸರ್ಕಾರದ ಉಚಿತ ಫೋನ್ ಇದೆ, ಬರೆದುಕೊಳ್ಳಿ: 1800-180-3024. ಮನೆಯಲ್ಲಿರುವ ಡಬ್ಬಿ, ಬಾಟ್ಲಿ, ಪೊಟ್ಟಣ ಎಲ್ಲ ಒಂದು ಚೀಲದಲ್ಲಿ ತನ್ನಿ ಅಂತ ಸಂಘಟಕರ ಮೂಲಕ ಹೇಳಿಕಳಿಸಿದ್ದೆ, ಬಹಳ ಮಂದಿ ತಂದಿದ್ದೀರಿ. ಡಿಜಿಎಂ ಆಯುರ್ವೇದ ಕಾಲೇಜಿನಲ್ಲಿ ಓದಿದ ವೈದ್ಯಮಿತ್ರರೊಬ್ಬರು ನನ್ನ ಜತೆ ಬಂದಿದ್ದಾರೆ. ಇಬ್ಬರೂ ಕೆಳಗೆ ಮೇಜಿನ ಹತ್ತಿರ ಕೂರುತ್ತೇವೆ. ರಕ್ತ ತೆಳು ಮಾಡುವ ಗುಳಿಗೆಯವರು, ಫಿಟ್ಸ್ ಗುಳಿಗೆಯವರು ಮೊದಲು ಬನ್ನಿ, ಶುಗರ್‌ನವರು ಆಮೇಲೆ.