ದಿಂಬಿನ ಪಕ್ಕ ಒಂದು ಫೋನು

ಕೇಳುಗರೇ, ನಮಸ್ಕಾರ.

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಂದು ರಾತ್ರಿ ಕಳೆದವರಿಗೆ ಗೊತ್ತು, ಅಲ್ಲಿ ನಿದ್ದೆ ಎಷ್ಟು ದುಬಾರಿ ಅಂತ. ಮಾನಿಟರ್ ಬೀಪ್ ಬೀಪ್ ಅನ್ನುತ್ತಲೇ ಇರುತ್ತದೆ. ಟ್ರಾಲಿಯ ಚಕ್ರ ಕಿರುಗುಟ್ಟುತ್ತದೆ. ಎಲ್ಲೋ ಒಂದು ಬಾಗಿಲು ಧಡ್ ಅಂತ ಬಡಿದುಕೊಳ್ಳುತ್ತದೆ. ಸುಮ್ನೆ 'ಗಲಾಟೆ ಜಾಸ್ತಿ' ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂಕಿ ತೋರಿಸಿದರೆ ಮಾತು ಬೇರೆ, ಅಲ್ವಾ? ಸದ್ದು ಅಳೆಯುವ ಆ್ಯಪ್ ಹಾಕಿಕೊಂಡರೆ ಆ ಅಂಕಿಯನ್ನು ಜೇಬಿನಲ್ಲಿರುವ ಫೋನೇ ಕೊಡುತ್ತದೆ.

ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ, ಅದರ ಲೆಕ್ಕ ಸ್ವಲ್ಪ ವಿಚಿತ್ರ. 40 ಇದ್ದದ್ದು 50 ಆದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ. ಕಿವಿಗೆ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ರಾತ್ರಿ ವಾರ್ಡಿನೊಳಗೆ ಸರಾಸರಿ 30 ಡೆಸಿಬೆಲ್ ಮೀರಬಾರದು, ಒಮ್ಮೆಲೇ ಏಳುವ ಸದ್ದು 40 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಾವು ಮಾಮೂಲಾಗಿ ಮಾತಾಡುವುದೇ 60ರ ಆಸುಪಾಸು!

ಆದರೆ ಫೋನಿನ ಮೈಕ್ ಮಾಡಿರುವುದು ಮಾತು ಕೇಳಿಸಲಿಕ್ಕೆ. 30ರಷ್ಟು ಸಣ್ಣ ಸದ್ದು ಅಳೆಯಹೋದರೆ ಮೈಕಿನ ಒಳಗಿನ ಸದ್ದೇ ಅಡ್ಡ ಬರುತ್ತದೆ. ಫೋನಿಂದ ಫೋನಿಗೂ ಅಂಕಿ ಬದಲಾಗುತ್ತದೆ. ಅಮೆರಿಕದ ನಯೋಶ್ ಎಂಬ ಸರ್ಕಾರಿ ಸಂಸ್ಥೆ ಹೊರತಂದ ಉಚಿತ ಆ್ಯಪ್ ಐಫೋನಿಗೆ ಮಾತ್ರ ಇರುವುದು ಇದಕ್ಕೇ. ಆಂಡ್ರಾಯ್ಡ್‌ನಲ್ಲಿ ಹತ್ತಾರು ಕಂಪನಿ, ನೂರಾರು ಮೈಕು. ಎಲ್ಲವನ್ನೂ ಒಂದೇ ತಕ್ಕಡಿಗೆ ತರುವುದು ಕಷ್ಟ.

ಹಾಗಾಗಿ ನಾನು ಹೇಳುವುದಿಷ್ಟು: ಫೋನಿನ ಅಂಕಿಯನ್ನು ತೀರ್ಪು ಅಂದುಕೊಳ್ಳಬೇಡಿ, ಹೋಲಿಕೆಗೆ ಬಳಸಿ. ಅದೇ ಫೋನು, ಅದೇ ಜಾಗ, ಹಗಲೊಮ್ಮೆ, ರಾತ್ರಿಯೊಮ್ಮೆ. ಕವರ್ ತೆಗೆದು, ಏರೋಪ್ಲೇನ್ ಮೋಡ್ ಹಾಕಿ, ರೋಗಿಯ ತಲೆಯ ಎತ್ತರದಲ್ಲಿಡಿ. ಹೊದಿಕೆಯೊಳಗೆ ಹುದುಗಿಸಬೇಡಿ, ಮೈಕಿಗೆ ಬೆರಳು ಅಡ್ಡ ಬರದಿರಲಿ. ಸೆಟ್ಟಿಂಗ್‌ನಲ್ಲಿ 'ಎ' ತೂಕ ಅಂತಿರುತ್ತದೆ, ಅದು ನಮ್ಮ ಕಿವಿ ಕೇಳುವ ರೀತಿಗೆ ಹತ್ತಿರ. ಅದನ್ನೇ ಆರಿಸಿ. ಅಕ್ಕಪಕ್ಕದವರ ಮಾತು ರೆಕಾರ್ಡ್ ಮಾಡದ ಆ್ಯಪ್ ಆಗಿದ್ದರೆ ಒಳ್ಳೆಯದು. ಅಲ್ಲಿ ಜನ ತಮ್ಮ ಕಾಯಿಲೆಯ ಮಾತಾಡುತ್ತಿರುತ್ತಾರೆ.

ಇನ್ನು, ಸರಾಸರಿಯೊಂದನ್ನೇ ನೋಡಿ ನೆಮ್ಮದಿಪಡಬೇಡಿ. ಒಂದು ಗಂಟೆಯಲ್ಲಿ ನಾಲ್ಕು ಸಲ ಬಾಗಿಲು ಬಡಿದರೆ ಸರಾಸರಿಯಲ್ಲಿ ಅದು ಅಷ್ಟಾಗಿ ಕಾಣದೇ ಹೋಗಬಹುದು. ಮಲಗಿದವರು ಮಾತ್ರ ನಾಲ್ಕು ಸಲ ಬೆಚ್ಚಿಬೀಳುತ್ತಾರೆ. ಆದ್ದರಿಂದ ಗರಿಷ್ಠ ಅಂಕಿಯನ್ನೂ ನೋಡಿ. ಅದು ಜಿಗಿದಾಗಲೆಲ್ಲ ಗಂಟೆ, ನಿಮಿಷ, ಕಾರಣ ಬರೆದಿಡಿ. 'ಎರಡೂ ಹತ್ತು, ಟ್ರಾಲಿ. ಎರಡೂ ಇಪ್ಪತ್ತು, ಬಾಗಿಲು.' ಬೆಳಿಗ್ಗೆ ಆ ಚೀಟಿಯನ್ನು ವಾರ್ಡಿನ ಮುಖ್ಯ ನರ್ಸ್ ಕೈಗೆ ಕೊಡಿ. ಚಕ್ರಕ್ಕೆ ಎಣ್ಣೆ ಬಿಟ್ಟ ಮೇಲೆ, ಅದೇ ಜಾಗದಲ್ಲಿ ಫೋನ್ ಇಟ್ಟು ಇನ್ನೊಮ್ಮೆ ಅಳೆಯಿರಿ.

ನಮಸ್ಕಾರ.