ಭಕ್ತಿಯ ಬರಹ, ಸ್ವಂತ ಖರ್ಚಿನ ಪುಸ್ತಕ: ಉತ್ಸಾಹ ಕುಗ್ಗದಿರಲು

ಕೇಳುಗರಿಗೆಲ್ಲ ನಮಸ್ಕಾರ.

ಕೊಡಗಿನಲ್ಲಿ ದೇವರ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ. ಕಾವೇರಿ ತಾಯಿಯ ಮೇಲೆ ಹಾಡು ಕಟ್ಟುವವರಿದ್ದಾರೆ, ಕೊಡವರ ದೇವರು ಇಗ್ಗುತ್ತಪ್ಪನ ಸ್ಥಳಪುರಾಣ ಬರೆದಿಟ್ಟವರಿದ್ದಾರೆ. ಭಜನಾ ಮಂಡಳಿಗೆ ಕೀರ್ತನೆ ರಚಿಸುವವರು, ಚರ್ಚಿನ ಪ್ರಾರ್ಥನೆಗಳನ್ನು ಜೋಡಿಸುವವರು, ಮದ್ರಸದ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬರೆಯುವ ಉಸ್ತಾದರು, ಸೋಮವಾರಪೇಟೆ ಕಡೆ ವಚನಗಳಿಗೆ ವ್ಯಾಖ್ಯಾನ ಬರೆಯುವ ನಿವೃತ್ತ ಮೇಷ್ಟ್ರು ಇದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಪ್ರಕಾಶಕರು ಸಿಗುವುದಿಲ್ಲ. ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸುತ್ತಾರೆ. ಬಿಡುಗಡೆಯಾಗುತ್ತದೆ, ಶಾಲು ಹೊದೆಸುತ್ತಾರೆ. ಎರಡನೇ ಪುಸ್ತಕ ಮಾತ್ರ ಬರುವುದಿಲ್ಲ.

ಯಾಕೆ ಎಂದು ಕೇಳಿದರೆ, ಸ್ಫೂರ್ತಿ ಬರಲಿಲ್ಲ ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಬೇರೆಯದೇ ಹೊರಬೀಳುತ್ತದೆ. ಮಾರಾಟವಾಗದ ಮುನ್ನೂರು ಪ್ರತಿ ಅಟ್ಟದಲ್ಲಿವೆ. ಮಳೆಗಾಲ ಕಳೆದು ಕಟ್ಟು ಬಿಚ್ಚಿದಾಗ ಬೂಷ್ಟು ಹಿಡಿದಿದೆ. ಮೊದಲ ಪುಟದಲ್ಲೇ ದೇವರ ಹೆಸರು ತಪ್ಪಾಗಿ ಅಚ್ಚಾಗಿದೆ. ತೆಗೆದುಕೊಂಡು ಹೋದವರು ಓದಿದೆವು ಎಂದು ಕೂಡ ಹೇಳಿಲ್ಲ. ಇದರಲ್ಲಿ ದೈವಪ್ರೇರಣೆಯ ಕೊರತೆ ಎಲ್ಲಿದೆ? ಕೊರತೆ ಇರುವುದು ಏರ್ಪಾಟಿನಲ್ಲಿ. ಅದನ್ನು ಸರಿಮಾಡಬಹುದು.

ಮೊದಲು ಒಂದು ಸಂಕೋಚದ ಮಾತು. ದೇವರ ಹಾಡಿಗೆ ಬೆಲೆ ಕಟ್ಟುವುದೇ ಎಂದು ಹಲವರು ಹಿಂಜರಿಯುತ್ತಾರೆ. ಕನ್ನಡದಲ್ಲಿ ಭಕ್ತಿಯ ಪುಸ್ತಕ ಉಳಿದು ಬಂದದ್ದೇ ಯಾರೋ ಖರ್ಚು ಹೊತ್ತಿದ್ದರಿಂದ. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೊಂದು ಗರಿಯನ್ನೂ ಕೈಯಲ್ಲೇ ಕೊರೆಯಬೇಕಿದ್ದ ಕಾಲ ಅದು. ವಿಜಯಪುರದ ವಕೀಲ ಫ. ಗು. ಹಳಕಟ್ಟಿ ಅವರು ವಚನಗಳ ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು, 1925ರಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. ಅದಕ್ಕಾಗಿ ಮನೆ ಮಾರಿದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ನಮ್ಮಲ್ಲೇ 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ ಪಟ್ಟೋಲೆ ಪಳಮೆ ಅಚ್ಚಾಗದೆ ಹೋಗಿದ್ದರೆ ಎಷ್ಟು ಹಾಡು ಹಾಡುಗಾರರ ಜೊತೆಗೇ ಮುಗಿದು ಹೋಗುತ್ತಿದ್ದವೋ. ಹಾಗಾಗಿ ಪುಸ್ತಕದ ಹಿಂದೆ ಬೆಲೆ ಮುದ್ರಿಸಿ. ಪುಕ್ಕಟೆ ಹಂಚಿದ ಪುಸ್ತಕವನ್ನು ಜನ ದೇವರ ಮುಂದೆ ಇಟ್ಟು ಕೈಮುಗಿಯುತ್ತಾರೆ, ತೆರೆಯುವುದಿಲ್ಲ.

ಇನ್ನು ಬರೆಯುವ ಕೆಲಸ. ಕೊಡಗಿನಲ್ಲಿ ವರ್ಷವಿಡೀ ಒಂದೇ ಹದದಲ್ಲಿ ಬರೆಯುತ್ತೇನೆಂದು ಹೊರಟರೆ ಸೋಲು ಖಂಡಿತ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಒಣಗಿಸುವುದು, ಕರಿಮೆಣಸು. ಏಪ್ರಿಲ್, ಮೇ ಮದುವೆಗಳು. ಬರೆಯಲು ಸಿಗುವುದು ಮಳೆಗಾಲ, ಅದರಲ್ಲೂ ಕಕ್ಕಡ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ, ಅರೆಭಾಷೆಯವರು ಆಟಿ ಎನ್ನುವ ತಿಂಗಳು. ಶುಭಕಾರ್ಯ ಇಲ್ಲ, ನೆಂಟರ ಓಡಾಟ ಇಲ್ಲ. ಆದರೆ ಕರೆಂಟೂ ಇಲ್ಲ. ಆದ್ದರಿಂದ ಕರಡನ್ನು ನೋಟುಬುಕ್ಕಿನಲ್ಲಿ ಬರೆಯಿರಿ, ಬಲಪುಟದಲ್ಲಿ ಮಾತ್ರ. ಎಡಪುಟ ತಿದ್ದುಪಡಿಗೆ ಇರಲಿ. ಕರೆಂಟು ಬಂದ ದಿನ ಆ ಪುಟಗಳ ಫೋಟೋ ತೆಗೆದು ನಿಮ್ಮದೇ ಇ-ಮೇಲಿಗೆ ಕಳುಹಿಸಿಕೊಳ್ಳಿ. ದಿನಕ್ಕೆ ಒಂದು ಪುಟ ಸಾಕು. ದೀಪ ಹಚ್ಚಿದ ಮೇಲೋ ಸುಬಹ್ ನಮಾಜಿನ ನಂತರವೋ, ಹೇಗೂ ಕುಳಿತುಕೊಳ್ಳುವ ಹೊತ್ತಿಗೆ ಸೇರಿಸಿಕೊಳ್ಳಿ. ಬರೆಯಲು ಏನೂ ಹೊಳೆಯದ ದಿನ ಹಿಂದಿನ ಪುಟವನ್ನು ನಕಲು ಮಾಡಿ. ನಕಲು ಮಾಡುವಾಗಲೇ ಕೈ ತಾನಾಗಿ ತಿದ್ದತೊಡಗುತ್ತದೆ.

ಹರಕೆ ಹೊತ್ತು ಬರೆಯುವವರಿಗೆ ಒಂದು ಕಿವಿಮಾತು. 108 ಹಾಡು ಬರೆಯುತ್ತೇನೆಂದು ಸಂಕಲ್ಪ ಮಾಡಬೇಡಿ. ನಲವತ್ತರ ಹೊತ್ತಿಗೆ ಭಾವ ಬತ್ತಿ, ಉಳಿದ ಅರವತ್ತೆಂಟು ಪ್ರಾಸಕ್ಕಾಗಿ ಹುಟ್ಟುತ್ತವೆ. ಓದುಗರಿಗೆ ಅದು ಕೂಡಲೇ ಗೊತ್ತಾಗುತ್ತದೆ, ಬರೆದವರಿಗೆ ತಡವಾಗಿ. 32 ಗಟ್ಟಿ ಹಾಡಿದ್ದರೆ 48 ಪುಟದ ಚಂದದ ಪುಸ್ತಕವಾಗುತ್ತದೆ.

ಪ್ರೋತ್ಸಾಹ ಬೇಕಾಗಿರುವುದು ಬಿಡುಗಡೆಯ ದಿನವಲ್ಲ, ಕರಡು ಕೈಯಲ್ಲಿರುವಾಗ. ಮೂವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಸಂಪ್ರದಾಯ ತಿಳಿದವರೊಬ್ಬರು, ಕನ್ನಡ ವ್ಯಾಕರಣ ತಿಳಿದವರೊಬ್ಬರು, ಎರಡೂ ತಿಳಿಯದ, ಆದರೆ ಆಸೆಯಿಂದ ಓದುವ ಒಬ್ಬರು. ಮೂರನೆಯವರು ಎಲ್ಲಿ ಪುಸ್ತಕ ಕೆಳಗಿಟ್ಟರು ಎಂಬುದೇ ನಿಮಗೆ ಬೇಕಾದ ವಿಮರ್ಶೆ. ಹೇಗಿದೆ ಎಂದು ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಕೊಡಗಿನವರು ಇನ್ನೂ ಮರ್ಯಾದೆಯಿಂದ ಅನ್ನುತ್ತಾರೆ. ಯಾವ ಸಾಲು ಎರಡು ಸಲ ಓದಬೇಕಾಯಿತು ಎಂದು ಕೇಳಿ. ಹಾಡಾದರೆ ಭಜನೆಯಲ್ಲಿ ಹಾಡಿಸಿ, ನೀವು ಸುಮ್ಮನೆ ಕೂತು ಕೇಳಿ. ನಾಲ್ಕು ಜನ ಒಂದೇ ಕಡೆ ಎಡವಿದರೆ ಆ ಸಾಲಿನಲ್ಲಿ ಮಾತ್ರೆ ಹೆಚ್ಚಾಗಿದೆ. ಹಾಡಿದವರು ಮುಂದಿನ ವಾರ ತಾವಾಗಿಯೇ ಆ ಹಾಡು ಎತ್ತಿಕೊಂಡರೆ, ಅದಕ್ಕಿಂತ ದೊಡ್ಡ ಬೆನ್ನುತಟ್ಟುವಿಕೆ ಇನ್ನೊಂದಿಲ್ಲ.

ಕೇಳಿ ಬರೆದ ಕಥೆಗಳ ವಿಷಯದಲ್ಲಿ ಜಾಗ್ರತೆ ಇರಲಿ. ಒಂದೇ ದೇವರ ಕಥೆ ನಾಡಿನಿಂದ ನಾಡಿಗೆ ಬದಲಾಗುತ್ತದೆ. ನೀವು ಬರೆದದ್ದೇ ನಿಜವಾದ ಕಥೆ ಎಂದು ಹೇಳಿಕೊಂಡರೆ ಬಿಡುಗಡೆಯ ಮರುದಿನವೇ ಜಗಳ. ಯಾವ ಊರಿನಲ್ಲಿ, ಯಾರಿಂದ ಕೇಳಿದ ಪಾಠ ಎಂದು ಅಡಿಯಲ್ಲಿ ಬರೆಯಿರಿ. ಒಕ್ಕದ, ಅಂದರೆ ಕೊಡವ ಮನೆತನದ ಮೂಲಪುರುಷ ಗುರುಕಾರೋಣನ ಹಾಡಾದರೆ ಮನೆತನದ ಹಿರಿಯರಾದ ಪಟ್ಟೆದಾರರ ಒಪ್ಪಿಗೆ ಕೇಳಿ. ದೇವಸ್ಥಾನದ ಚಿತ್ರ ಮುಖಪುಟಕ್ಕೆ ಬೇಕಿದ್ದರೆ ಆಡಳಿತ ಸಮಿತಿಯಿಂದ ಪತ್ರ ಪಡೆಯಿರಿ. ಗರ್ಭಗುಡಿಯ ಚಿತ್ರವನ್ನು ಬಿಟ್ಟೇಬಿಡಿ. ಕ್ಯಾಥೊಲಿಕ್ ಸಭೆಯವರು ಪ್ರಾರ್ಥನಾ ಪುಸ್ತಕ ಪ್ರಕಟಿಸಲು ಧರ್ಮಾಧ್ಯಕ್ಷರ ಅನುಮತಿ ಬೇಕೆಂಬ ನಿಯಮ ಸಭೆಯ ಕಾನೂನಿನಲ್ಲೇ ಇದೆ. ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರುವುದರಿಂದ ಅರ್ಜಿ ಮೈಸೂರಿಗೆ ಹೋಗಬೇಕು. ಕುರಾನಿನ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟರೆ ಉಚ್ಚಾರ ಕೆಡುತ್ತದೆ. ಅರಬಿ ಮೂಲವನ್ನೂ ಜೊತೆಗೆ ಕೊಟ್ಟು ಉಸ್ತಾದರಿಗೆ ತೋರಿಸಿ.

ಇನ್ನೊಬ್ಬರ ಬರಹ ಬಳಸುವಾಗ ಲೆಕ್ಕ ಸರಳ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ವಚನ, ದಾಸರ ಪದ ಯಾರು ಬೇಕಾದರೂ ಅಚ್ಚು ಮಾಡಬಹುದು. ಅದೇ ವಚನಕ್ಕೆ ಈಚಿನ ವಿದ್ವಾಂಸರು ಬರೆದ ಅರ್ಥವನ್ನು ಎತ್ತಿ ಹಾಕುವಂತಿಲ್ಲ. ಬೈಬಲ್, ಕುರಾನಿನ ಹೊಸ ಅನುವಾದಗಳಿಗೂ ಇದೇ ಮಾತು. ಇದು ದೇವರದ್ದು, ನನ್ನ ಹೆಸರು ಬೇಡ ಎಂದು ಕೆಲವರು ಹಠ ಹಿಡಿಯುತ್ತಾರೆ. ವಿನಯ ಒಳ್ಳೆಯದೇ. ಆದರೆ ನಾಳೆ ಮತ್ತೊಬ್ಬರು ತಮ್ಮ ಹೆಸರು ಹಾಕಿಕೊಂಡರೆ ಕೇಳಲು ದಾರಿಯೇ ಇರುವುದಿಲ್ಲ. ಅಂಕಿತ ಪದ್ಯದಲ್ಲಿರಲಿ, ಹೆಸರು ಹಕ್ಕುಪುಟದಲ್ಲಿರಲಿ.

ಅಕ್ಷರ ಜೋಡಣೆಗೆ ಕೊಡುವ ಮೊದಲು ಹೆಸರುಗಳ ಒಂದು ಪಟ್ಟಿ ಮಾಡಿ: ಹಬ್ಬದ ಹೆಸರು ಪುತ್ತರಿಯೋ ಹುತ್ತರಿಯೋ, ಕೈಲ್‌ಪೊಳ್ದೋ ಕೈಲ್‌ಮುಹೂರ್ತವೋ, ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಇಡಿ. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ನೇರ ಅಕ್ಷರವಿಲ್ಲ, ಹೇಗೆ ಓದಬೇಕೆಂದು ಆರಂಭದಲ್ಲೇ ಅರ್ಧ ಪುಟ ಬರೆಯಿರಿ. ನುಡಿ ಅಥವಾ ಬರಹ ತಂತ್ರಾಂಶದ ಹಳೆ ಫಾಂಟಿನಿಂದ ಯೂನಿಕೋಡಿಗೆ, ಅಲ್ಲಿಂದ ಮತ್ತೆ ಹಿಂದಕ್ಕೆ ಬದಲಿಸುವಾಗಲೇ ಅತಿ ಹೆಚ್ಚು ತಪ್ಪು ನುಸುಳುವುದು. ಅರ್ಕಾವೊತ್ತು ಬೇರೆ ಅಕ್ಷರಕ್ಕೆ ಹಾರುತ್ತದೆ, ದೀರ್ಘ ಬಿದ್ದುಹೋಗುತ್ತದೆ. ಟೈಪು ಮಾಡುವವರ ಅಭ್ಯಾಸದಿಂದ ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ. ಮೂರು ಸಲ ಪ್ರೂಫ್ ನೋಡಲೇಬೇಕು. ಮೊದಲ ಸಲ ಮೂಲದ ಜೊತೆ ಹೋಲಿಸಿ. ಎರಡನೇ ಸಲ ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಕೇಳಿಸಿಕೊಳ್ಳಿ. ಮೂರನೇ ಸಲ ಶೀರ್ಷಿಕೆ, ಪುಟಸಂಖ್ಯೆ, ದೇವರ ಹೆಸರು, ಊರ ಹೆಸರು, ದಾನಿಗಳ ಹೆಸರು ಮಾತ್ರ. ದೊಡ್ಡಕ್ಷರದ ತಪ್ಪೇ ಹೆಚ್ಚಾಗಿ ಕಣ್ಣುತಪ್ಪಿಸುತ್ತದೆ. ಭಕ್ತಿಯಿಂದ ಬರೆದದ್ದೆಂದು ಓದುಗರು ಅಚ್ಚಿನ ತಪ್ಪನ್ನು ಮನ್ನಿಸುವುದಿಲ್ಲ.

ಡೆಮಿ ಅಷ್ಟಪತ್ರ ಆಕಾರದಲ್ಲಿ ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಹಾಳೆ) ಅಂದರೆ 16 ಪುಟ. ಪುಸ್ತಕ 96 ಪುಟವಾದರೆ ಆರು ಫಾರಂ, ಸರಿಯಾಗಿ ಕೂರುತ್ತದೆ. 100 ಪುಟವಾದರೆ ನಾಲ್ಕೇ ಪುಟಕ್ಕೆ ಇನ್ನೊಂದು ಸುತ್ತು ಖರ್ಚು. ಗದ್ಯಕ್ಕೆ 12 ಪಾಯಿಂಟ್ ಸಾಕು. ಭಜನೆಯ ಪುಸ್ತಕಕ್ಕೆ 14, ಯಾಕೆಂದರೆ ಓದುವುದು ಅಜ್ಜ, ಅಜ್ಜಿಯರು, ಅದೂ ದೀಪದ ಬೆಳಕಿನಲ್ಲಿ. ಎರಡು ಪುಟದ ಹಾಡು ಸಮಸಂಖ್ಯೆಯ ಎಡಪುಟದಲ್ಲೇ ಶುರುವಾಗಬೇಕು, ತಾಳ ಹಿಡಿದವರು ನಡುವೆ ಪುಟ ಮಗುಚುವಂತಾಗಬಾರದು. ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್. 64 ಪುಟದವರೆಗೆ ನಡುವೆ ಪಿನ್ ಹೊಡೆಸಿದರೆ ಪುಸ್ತಕ ಹಾರ್ಮೋನಿಯಂ ಮೇಲೆ ಮಟ್ಟಸವಾಗಿ ತೆರೆದುಕೊಳ್ಳುತ್ತದೆ. ಅದಕ್ಕಿಂತ ದಪ್ಪವಾದರೆ ಹೊಲಿಗೆಯ ಬೈಂಡಿಂಗ್ ಕೇಳಿ. ಬರೀ ಅಂಟಿನ ಬೈಂಡಿಂಗ್ ದಿನವೂ ಅಗಲಿಸಿ ಇಡುವ ಪುಸ್ತಕಕ್ಕೆ ತಡೆಯುವುದಿಲ್ಲ. ಕಾಗದದ ನಾರು ಬೆನ್ನಿನ ಉದ್ದಕ್ಕೇ ಬರುವಂತೆ ಅಚ್ಚು ಹಾಕಲು ಹೇಳಿ. ಅಡ್ಡ ಬಂದರೆ ನಮ್ಮ ಥಂಡಿಗೆ ಹಾಳೆ ಅಲೆಯಲೆಯಾಗುತ್ತದೆ. ಹೊದಿಕೆ ಸುರುಟಿಕೊಳ್ಳುವುದೂ ಇದೇ ಥಂಡಿಯಿಂದ: ಲ್ಯಾಮಿನೇಷನ್ ಇಲ್ಲದ ಒಳಮೈ ತೇವ ಹೀರುತ್ತದೆ, ಹೊರಮೈ ಹೀರುವುದಿಲ್ಲ.

ದುಡ್ಡಿನ ಲೆಕ್ಕ. 300ಕ್ಕಿಂತ ಕಡಿಮೆ ಪ್ರತಿಗೆ ಸಾಮಾನ್ಯವಾಗಿ ಡಿಜಿಟಲ್ ಅಗ್ಗ, 500 ದಾಟಿದರೆ ಆಫ್‌ಸೆಟ್. ಉದಾಹರಣೆಗೆ ಎಲ್ಲಾ ಸೇರಿ 500 ಪ್ರತಿಗೆ 35,000 ರೂಪಾಯಿ ಆಯಿತು ಅನ್ನಿ, ಪ್ರತಿಗೆ 70. ಪುಣ್ಯದ ಕೆಲಸವೆಂದು 100 ರೂಪಾಯಿ ಬೆಲೆ ಇಟ್ಟರೆ, ಅಂಗಡಿಯವರು ಶೇಕಡ 40 ಹಿಡಿದು 60 ಕೊಡುತ್ತಾರೆ. ಮಾರಿದಷ್ಟೂ ನಷ್ಟ. ಬೆಲೆ 140 ಇಟ್ಟರೆ ಅಂಗಡಿಯಿಂದ 84 ಬರುತ್ತದೆ. ಕೈಯಿಂದ ಕೈಗೆ 250 ಪ್ರತಿ ಮಾರಿದರೆ ಹಾಕಿದ ಹಣ ಪೂರ್ತಿ ಹಿಂದಕ್ಕೆ. ಅಚ್ಚಿಗೆ ಹೋಗುವ ಮೊದಲು ನೂರು ಜನರಿಂದ ಮುಂಗಡ ಪಡೆಯಿರಿ. ನೂರು ಹೆಸರು ಸೇರದಿದ್ದರೆ 150 ಪ್ರತಿ ಡಿಜಿಟಲ್ಲಿನಲ್ಲಿ ಮಾಡಿಸಿ, ನಾಚಿಕೆ ಬೇಡ. ಮದುವೆಗೆ, ಗೃಹಪ್ರವೇಶಕ್ಕೆ, ಹಿರಿಯರ ನೆನಪಿಗೆ ಐವತ್ತು ಪ್ರತಿ ಕೊಳ್ಳುವ ಮನೆಗಳಿವೆ, ಅವರಿಗೆ ಒಳಪುಟದಲ್ಲಿ ಒಂದು ಸೇವಾರ್ಥದ ಸಾಲು ಸಾಕು. ದಾನಿಯ ಭಾವಚಿತ್ರ ದೇವರ ಚಿತ್ರಕ್ಕಿಂತ ದೊಡ್ಡದಾದ ಪುಸ್ತಕಗಳನ್ನು ನೋಡಿ ನೋಡಿ ಸಾಕಾಗಿದೆ.

ಪುಸ್ತಕ ಕೈಗೆ ಬರುವ ಕಾಲವೂ ಮುಖ್ಯ. ಕಾವೇರಿಯ ಪುಸ್ತಕವಾದರೆ ಅಕ್ಟೋಬರ್ 17ರ ಆಸುಪಾಸಿನ ತೀರ್ಥೋದ್ಭವ, ಆಮೇಲಿನ ತುಲಾ ಮಾಸದ ಒಂದು ತಿಂಗಳು ಜನ ಭಾಗಮಂಡಲಕ್ಕೆ, ತಲಕಾವೇರಿಗೆ ಬರುತ್ತಲೇ ಇರುತ್ತಾರೆ. ಅಲ್ಲಿಂದ ಹಿಂದಕ್ಕೆ ಎಣಿಸಿ: ಅಕ್ಟೋಬರ್ ಮೊದಲ ವಾರ ಪ್ರತಿಗಳು, ಸೆಪ್ಟೆಂಬರಿನಲ್ಲಿ ಅಚ್ಚು, ಆ ತಿಂಗಳ ಆರಂಭದ ಕೈಲ್‌ಪೊಳ್ದಿನೊಳಗೆ ಕೊನೆಯ ಪ್ರೂಫ್, ಕಕ್ಕಡ ಮುಗಿಯುವಾಗ ಕರಡು. ಜೂನ್, ಜುಲೈಯಲ್ಲಿ ಮೈಸೂರಿನಿಂದಲೋ ಮಂಗಳೂರಿನಿಂದಲೋ ಪುಸ್ತಕದ ಕಟ್ಟು ತರಿಸಬೇಡಿ. ರಸ್ತೆ ಕುಸಿದರೆ ಕಟ್ಟು ದಾರಿಯಲ್ಲೇ ನೆನೆಯುತ್ತದೆ. ಉಳಿದ ಪ್ರತಿಗಳನ್ನು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ.

ಸರ್ಕಾರದ ಕೆಲಸಗಳು ಕೇಳಲು ಭಾರವೆನಿಸಿದರೂ ಮಾಡಲು ಹಗುರ. ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಮಧ್ಯವರ್ತಿಗೆ ದುಡ್ಡು ಕೊಡಬೇಕಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳುಹಿಸಬೇಕು. ಕೊಡವ, ಅರೆಭಾಷೆ ಬರಹವಾದರೆ ಆ ಎರಡೂ ಭಾಷೆಗಳ ಅಕಾಡೆಮಿಗಳು ಮಡಿಕೇರಿಯಲ್ಲೇ ಇವೆ, ಹೋಗಿ ವಿಚಾರಿಸಿ. ಅಂಚೆಯಲ್ಲಿ ಕಳುಹಿಸುವವರಿಗೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಶುರುವಾಗಿದೆ. ಧಾರ್ಮಿಕ ಪುಸ್ತಕಗಳಿಗೂ ಅನ್ವಯಿಸುತ್ತದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಇದು ಆರಂಭದ ದರ, ಕಟ್ಟುವ ಮೊದಲು ಅಂಚೆ ಕಚೇರಿಯಲ್ಲಿ ಒಮ್ಮೆ ಕೇಳಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು.

ಕೊನೆಯದಾಗಿ ಓದುಗರ ಮೌನದ ವಿಷಯ. ಜನ ಮಾತಾಡದಿರುವುದು ಬೇಸರದಿಂದಲ್ಲ, ಯಾರಿಗೆ ಹೇಳಬೇಕೆಂದು ತಿಳಿಯದೆ. ಕೊನೆಯ ಪುಟದಲ್ಲಿ ವಾಟ್ಸ್ಆ್ಯಪ್ ಸಂಖ್ಯೆ ಕೊಟ್ಟು, ಯಾವ ಹಾಡು ನಿಮ್ಮಲ್ಲಿ ಹಾಡಿದಿರಿ, ಯಾವ ತಪ್ಪು ಕಂಡಿತು ಎಂದು ಎರಡೇ ಪ್ರಶ್ನೆ ಕೇಳಿ. ಹಾಡಿ ಕಳುಹಿಸಿದ ಧ್ವನಿ ಬಂದರೆ ಉಳಿಸಿಕೊಳ್ಳಿ. ತಪ್ಪು ತೋರಿಸಿದರೆ ನಿಮ್ಮ ಒಂದು ಪ್ರತಿಯಲ್ಲಿ ಕೆಂಪು ಶಾಯಿಯಿಂದ ಅಲ್ಲೇ ಗುರುತು ಹಾಕಿಕೊಳ್ಳಿ. ಐವತ್ತು ಪ್ರತಿ ಉಳಿದಾಗ ಆ ಕೆಂಪು ಪ್ರತಿ ಹಿಡಿದು ಎರಡನೇ ಮುದ್ರಣಕ್ಕೆ ಹೊರಡಿ. ಒಂದು ಮಾತು ಮರೆಯಬೇಡಿ: ಮೊದಲ ಮುದ್ರಣದ ಬಾಕಿ ಹಣ ಕೊಡುವಾಗಲೇ ಪುಟವಿನ್ಯಾಸದ ಮೂಲ ಫೈಲು, ಫಾಂಟು, ಮುಖಪುಟದ ಚಿತ್ರ ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ಕೇಳಿ ಪಡೆದಿರಬೇಕು. ಪಿಡಿಎಫ್ ಒಂದೇ ಇದ್ದರೆ ತಿದ್ದುವುದು ಕಷ್ಟ, ಇಡೀ ಪುಸ್ತಕವನ್ನು ಮತ್ತೆ ಟೈಪು ಮಾಡಿಸಬೇಕಾಗಬಹುದು.

ನಮಸ್ಕಾರ.